ಸಾಲದ ಆ್ಯಪ್‌ನವರು ನಮ್ಮ ಹುಡುಗನ ಫೋನಿನಲ್ಲಿದ್ದ ಎಲ್ಲರಿಗೂ ಕರೆ ಮಾಡ್ತಿದ್ದಾರೆ. ಇವರ ಮೇಲೆ ಯಾರ ಹಿಡಿತ?

ಡೊಂಬಿವಲಿ ಕ್ಯಾಂಟೀನ್:
ಎಲ್ಲರಿಗೂ ನಮಸ್ಕಾರ. ಡೊಂಬಿವಲಿ ಪೂರ್ವದಲ್ಲಿ ನಮ್ಮದೊಂದು ಸಣ್ಣ ಕ್ಯಾಂಟೀನ್ ಇದೆ. ಬೈಂದೂರು ಕಡೆಯ ಹುಡುಗನೊಬ್ಬ ಎರಡು ವರ್ಷದಿಂದ ದೋಸೆ ಕಾವಲಿ ನೋಡಿಕೊಳ್ತಾನೆ. ಹೋದ ತಿಂಗಳು ತಂಗಿಯ ಕಾಲೇಜು ಫೀಸಿಗೆ ಅಂತ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡು 12,000 ರೂಪಾಯಿ ಸಾಲ ತೆಗೆದಿದ್ದಾನೆ. ನನ್ನ ಹತ್ತಿರ ಕೇಳೋಕೆ ಸಂಕೋಚ ಆಯ್ತಂತೆ. ಕೈಗೆ ಬಂದದ್ದು 8,400. ಉಳಿದದ್ದನ್ನು ಪ್ರೊಸೆಸಿಂಗ್, ಸರ್ವಿಸ್ ಅಂತ ಮೊದಲೇ ಮುರಿದುಕೊಂಡಿದ್ದಾರೆ. ಏಳನೇ ದಿನ ಪೂರ್ತಿ 12,000 ಕಟ್ಟಬೇಕಿತ್ತು, ಕಟ್ಟಲಿಲ್ಲ.

ಮೊನ್ನೆಯಿಂದ ಅವನ ಫೋನಿನಲ್ಲಿದ್ದ ಎಲ್ಲ ನಂಬರಿಗೂ ಕರೆ. ನನಗೆ ಬಂತು, ತರಕಾರಿಯವನಿಗೆ ಬಂತು, ಊರಲ್ಲಿ ಅವನ ಸೋದರಮಾವನಿಗೂ ಹೋಯ್ತು. ಅವನ ಫೋಟೋ ಮೇಲೆ ಕಳ್ಳ ಅಂತ ಬರೆದು ವಾಟ್ಸಾಪ್‌ನಲ್ಲಿ ಹಂಚಿದ್ದಾರೆ. ಹುಡುಗ ಸರಿಯಾಗಿ ಊಟ ಮಾಡ್ತಿಲ್ಲ.

ರಿಸರ್ವ್ ಬ್ಯಾಂಕು ನಮ್ಮ ಫೋರ್ಟ್‌ನಲ್ಲೇ ಇದೆ. ಲೋಕಲ್ ಹಿಡಿದು ಸಿಎಸ್‌ಎಂಟಿಗೆ ಹೋಗಿ ಆ ಬಾಗಿಲನ್ನೇ ತಟ್ಟೋಣ ಅನ್ನಿಸ್ತಿದೆ. ಇಂಥವರನ್ನು ಕೇಳುವವರು ಯಾರು? ದುಡ್ಡು ಕೊಟ್ಟು ಮುಗಿಸಿಬಿಡೋದೇ ಒಳ್ಳೆಯದಾ? ತಿಳಿದವರು ಹೇಳಿ ಮಾರಾಯ್ರೆ.

ಘಾಟ್ಕೋಪರ್ ಅಕ್ಕ:
ಅಣ್ಣ, ಮಿಕ್ಕಿದ್ದೆಲ್ಲ ಆಮೇಲೆ. ಆ ಹುಡುಗನನ್ನು ರಾತ್ರಿ ರೂಮಿನಲ್ಲಿ ಒಬ್ಬನೇ ಮಲಗಲು ಬಿಡಬೇಡಿ. ಊರಿಗೆ ನೀವೇ ಫೋನ್ ಮಾಡಿ ಅವನ ತಾಯಿಗೆ ವಿಷಯ ತಿಳಿಸಿ. ಅವರಿಗೆ ಆ ಫೋಟೋ ಬೇರೆಯವರ ಕೈಯಿಂದ ಸಿಗೋ ಹಾಗಾಗಬಾರದು.

ಮುಲುಂಡ್ ಸಿಎ:
ಅಕ್ಕ ಹೇಳಿದ್ದು ಮೊದಲು ಆಗಲಿ. ಆಮೇಲೆ ಮೂರು ವಿಷಯ ನೋಡಿ ಹೇಳಿ. ಸಾಲ ಕೊಡುವ ಮುಂಚೆ ಬಡ್ಡಿ, ಶುಲ್ಕ, ಕಂತು ಎಲ್ಲ ಬರೆದ ಒಂದು ಕಾಗದ ಫೋನಿಗೆ ಬಂದಿತ್ತಾ? ಅದರಲ್ಲಿ ಯಾವುದಾದರೂ ಬ್ಯಾಂಕಿನ ಅಥವಾ ಫೈನಾನ್ಸ್ ಕಂಪನಿಯ ಹೆಸರಿತ್ತಾ? ಆ 8,400 ಯಾರ ಖಾತೆಯಿಂದ ಬಂತು? ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ನೋಡಿ.

ಡೊಂಬಿವಲಿ ಕ್ಯಾಂಟೀನ್:
ನೋಡಿದೆವು. ಕಾಗದ ಯಾವುದೂ ಇಲ್ಲ. ಹಣ ಬಂದದ್ದು ಯಾರೋ ಒಬ್ಬ ವ್ಯಕ್ತಿಯ ಯುಪಿಐ ಐಡಿಯಿಂದ. ಕಟ್ಟಲು ಹೇಳುವಾಗ ದಿನಕ್ಕೊಂದು ಹೊಸ ಯುಪಿಐ ಐಡಿ ಕಳಿಸ್ತಾರೆ.

ಮುಲುಂಡ್ ಸಿಎ:
ಹಾಗಾದರೆ ಇದು ಆರ್‌ಬಿಐ ಹಿಡಿತದಲ್ಲಿರುವ ಸಾಲವೇ ಅಲ್ಲ. ಬ್ಯಾಂಕಲ್ಲದ ಕಂಪನಿ ಸಾಲದ ವ್ಯವಹಾರ ಮಾಡಬೇಕಿದ್ದರೆ ಆರ್‌ಬಿಐ ಕಾಯ್ದೆಯ 45-ಐಎ ಕಲಂ ಪ್ರಕಾರ ನೋಂದಣಿ ಬೇಕು. ಅದಿಲ್ಲದೆ ಮಹಾರಾಷ್ಟ್ರದಲ್ಲಿ ಬಡ್ಡಿ ವ್ಯಾಪಾರ ಮಾಡಲು ರಾಜ್ಯದ 2014ರ ಲೇವಾದೇವಿ ಕಾಯ್ದೆಯಡಿ ಲೈಸೆನ್ಸ್ ಬೇಕು. ಇವರ ಹತ್ತಿರ ಎರಡೂ ಇರುವ ಲಕ್ಷಣ ಕಾಣುವುದಿಲ್ಲ. ಹೆದರಿಸಿ ಹಣ ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂನ ಸುಲಿಗೆ. ಆದ್ದರಿಂದ ನೀವು ಹೋಗಬೇಕಾದ್ದು ಫೋರ್ಟ್‌ಗಲ್ಲ, ಪೊಲೀಸ್ ಠಾಣೆಗೆ. ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸ್ಕ್ರೀನ್‌ಶಾಟ್, ಕರೆ ಬಂದ ನಂಬರು, ಯುಪಿಐ ಐಡಿ ಎಲ್ಲ ಉಳಿಸಿಕೊಳ್ಳಿ. ಆ್ಯಪ್ ತೆಗೆದುಹಾಕುವ ಮುಂಚೆ ಅದರ ಒಳಗಿನ ಪುಟಗಳ ಫೋಟೋ ತೆಗೆದಿಡಿ. ಆರ್‌ಬಿಐಗೆ ಹೇಳುವುದಿದ್ದರೆ ಸಚೇತ್ ಅನ್ನುವ ಪೋರ್ಟಲ್ ಇದೆ, ನೋಂದಣಿ ಇಲ್ಲದವರ ಮೇಲಿನ ದೂರು ಅಲ್ಲಿ ಹಾಕಬಹುದು.

ಪೊಲೀಸರನ್ನು ಕೇಳದೆ ಆ ಹೊಸ ಐಡಿಗಳಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಒಮ್ಮೆ ಕೊಟ್ಟರೆ ನಾಳೆ ಮತ್ತೊಂದು ಬಾಕಿ ಹುಟ್ಟುತ್ತದೆ. ನನ್ನ ಕಕ್ಷಿದಾರರೊಬ್ಬರ ಮಗನಿಗೆ ಹಾಗೇ ಆಯಿತು.

ಹಿಂಜೆವಾಡಿ ಪೇಮೆಂಟ್ಸ್:
ನಾನು ಪುಣೆಯಲ್ಲಿ ಒಂದು ಪೇಮೆಂಟ್ಸ್ ಕಂಪನಿಯ ಕಂಪ್ಲಯನ್ಸ್ ವಿಭಾಗದಲ್ಲಿದ್ದೇನೆ. ಮೊದಲು ಆ ಸಾಲದ ಲೆಕ್ಕ ನೋಡಿ. 8,400ಕ್ಕೆ ಏಳು ದಿನಕ್ಕೆ 3,600 ಅಂದರೆ ವಾರಕ್ಕೆ ಸುಮಾರು ಶೇ. 43. ವರ್ಷಕ್ಕೆ ಹಾಕಿದರೆ ಶೇ. 2,200 ದಾಟುತ್ತದೆ. ನಿಯಮ ಪಾಲಿಸುವ ಸಂಸ್ಥೆ ಈ ವಾರ್ಷಿಕ ದರವನ್ನು ಎಲ್ಲ ಶುಲ್ಕ ಸೇರಿಸಿ ಒಂದೇ ಸಂಖ್ಯೆಯಾಗಿ ಮೊದಲೇ ತೋರಿಸಬೇಕು. ಸಿಎ ಸರ್ ಕೇಳಿದ ಕಾಗದ ಅದೇ, ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್. ಅದರಲ್ಲಿ ಬರೆಯದ ಶುಲ್ಕವನ್ನು ಆಮೇಲೆ ಸಾಲಗಾರನ ತಲೆಗೆ ಕಟ್ಟುವಂತಿಲ್ಲ.

ಇಷ್ಟೆಲ್ಲ ನಿಯಮ ಬಂದದ್ದು ಲಾಕ್‌ಡೌನ್ ಕಾಲದ ಹಾವಳಿಯಿಂದ. 2021ರ ಜನವರಿಯಲ್ಲಿ ಆರ್‌ಬಿಐ ಒಂದು ಕಾರ್ಯತಂಡ ಮಾಡಿತು. 81 ಆ್ಯಪ್ ಸ್ಟೋರ್‌ಗಳಲ್ಲಿ ಸುಮಾರು 1,100 ಸಾಲದ ಆ್ಯಪ್ ಸಿಕ್ಕವು, ಅವುಗಳಲ್ಲಿ 600ರಷ್ಟು ಕಾನೂನುಬಾಹಿರ ಅಂತ ಅವರ ವರದಿಯಲ್ಲೇ ಇದೆ. 2022ರ ಸೆಪ್ಟೆಂಬರ್ 2ರಂದು ಡಿಜಿಟಲ್ ಸಾಲದ ಮಾರ್ಗಸೂಚಿ ಬಂತು. 2025ರ ಮೇ 8ರಂದು ಅದನ್ನೇ ಗಟ್ಟಿಮಾಡಿ ನಿರ್ದೇಶನ ಹೊರಡಿಸಿದರು.

ಅದರ ತಿರುಳು ಒಂದೇ. ಆ್ಯಪ್ ಬರೀ ದಲ್ಲಾಳಿ. ಸಾಲ ಕೊಡುವವರು ಹಿಂದೆ ನಿಂತ ಬ್ಯಾಂಕು ಅಥವಾ ಎನ್‌ಬಿಎಫ್‌ಸಿ (ಬ್ಯಾಂಕಲ್ಲದ ಫೈನಾನ್ಸ್ ಕಂಪನಿ), ಆ್ಯಪ್ ಮಾಡಿದ ತಪ್ಪಿಗೂ ಉತ್ತರ ಕೊಡಬೇಕಾದವರು ಅವರೇ. ಹಣ ಅವರ ಖಾತೆಯಿಂದ ನೇರ ಸಾಲಗಾರನ ಖಾತೆಗೆ ಬರಬೇಕು, ತೀರಿಸುವಾಗಲೂ ನೇರ ಅವರ ಖಾತೆಗೇ ಹೋಗಬೇಕು, ನಡುವೆ ದಲ್ಲಾಳಿಯ ಕಿಸೆ ಇರಬಾರದು. ದಲ್ಲಾಳಿಯ ಕಮಿಷನ್ನನ್ನು ಸಾಲ ಕೊಟ್ಟವರೇ ಕೊಡಬೇಕು, ಸಾಲಗಾರನಿಂದ ಮುರಿಯುವಂತಿಲ್ಲ. ಸಾಲ ಬೇಡ ಅನ್ನಿಸಿದರೆ ಕನಿಷ್ಠ ಒಂದು ದಿನದ ಕಾಲಾವಕಾಶದಲ್ಲಿ, ಅಸಲು ಮತ್ತು ಅಷ್ಟು ದಿನದ ಬಡ್ಡಿ ಕೊಟ್ಟು ದಂಡವಿಲ್ಲದೆ ಹೊರಬರಬಹುದು. ಕಾಂಟ್ಯಾಕ್ಟ್, ಗ್ಯಾಲರಿ, ಕಾಲ್ ಲಾಗ್ ಇವುಗಳನ್ನು ಆ್ಯಪ್ ಮುಟ್ಟುವ ಹಾಗೇ ಇಲ್ಲ. ಕ್ಯಾಮೆರಾ, ಲೊಕೇಶನ್ ಕೂಡ ಕೆವೈಸಿಗಾಗಿ, ಅಂದರೆ ಗುರುತು ಪರಿಶೀಲನೆಗಾಗಿ ಒಂದು ಸಲ, ಒಪ್ಪಿಗೆ ಕೇಳಿಯೇ. ಸಾಲದ ಆ್ಯಪ್ ಕಾಂಟ್ಯಾಕ್ಟ್‌ಗೆ ಅನುಮತಿ ಕೇಳಿತೋ, ಅಲ್ಲಿಗೇ ಬಿಟ್ಟು ಎದ್ದುಬಿಡಬೇಕು.

ಅಂಧೇರಿ ಸ್ಟೇಷನರಿ:
ಓದಲು ಚೆನ್ನಾಗಿದೆ. ಆದರೆ ಸ್ವಾಮಿ, ಕಳ್ಳರು ಈ ನಿಯಮ ಓದ್ತಾರಾ? ನಿಯಮದ ಭಾರ ಬೀಳೋದು ನಮ್ಮಂಥವರ ಮೇಲೆ. ನನ್ನ ಅಂಗಡಿಯ ಕ್ಯೂಆರ್ ಕೊಟ್ಟ ಕಂಪನಿ ಹೊಸದಾಗಿ ಕೆವೈಸಿ ಬೇಕು ಅಂತ 46,000 ರೂಪಾಯಿಯನ್ನು 11 ದಿನ ಹಿಡಿದಿಟ್ಟಿತು. ಶಾಲೆ ಶುರುವಾಗೋ ಹೊತ್ತು, ನೋಟ್‌ಬುಕ್ ಹೋಲ್‌ಸೇಲಿನವನಿಗೆ ಕೊಡಲು ಕೈಯಲ್ಲಿ ಕಾಸಿಲ್ಲ. ನನ್ನ ದುಡ್ಡು ಅಷ್ಟು ದಿನ ಎಲ್ಲಿತ್ತು ಅಂತ ಇವತ್ತಿಗೂ ಯಾರೂ ಹೇಳಿಲ್ಲ.

ಹಿಂಜೆವಾಡಿ ಪೇಮೆಂಟ್ಸ್:
ಅಣ್ಣ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಎಲ್ಲಿತ್ತು ಅನ್ನೋದನ್ನು ಹೇಳ್ತೀನಿ. ಕ್ಯೂಆರ್‌ನಲ್ಲಿ ಎರಡು ಜಾತಿ. ಒಂದರಲ್ಲಿ ಗಿರಾಕಿಯ ಬ್ಯಾಂಕಿನಿಂದ ಹಣ ನೇರ ನಿಮ್ಮ ಬ್ಯಾಂಕ್ ಖಾತೆಗೆ ಬೀಳುತ್ತದೆ, ಯುಪಿಐ ಆ್ಯಪ್ ನಿಮ್ಮ ಹಣ ಮುಟ್ಟುವುದೇ ಇಲ್ಲ. ಇನ್ನೊಂದರಲ್ಲಿ ಕಂಪನಿ ನಿಮ್ಮ ಪರವಾಗಿ ಹಣ ಕೂಡಿಸಿ ಆಮೇಲೆ ನಿಮಗೆ ಕಳಿಸುತ್ತದೆ. ಇವರಿಗೆ ಪೇಮೆಂಟ್ ಅಗ್ರಿಗೇಟರ್ ಅಂತ ಹೆಸರು. ಇವರ ಮೇಲೆ 2020ರ ಮಾರ್ಚ್ 17ರ ಆರ್‌ಬಿಐ ಮಾರ್ಗಸೂಚಿ ಬಂತು. ಅರ್ಜಿ ಹಾಕುವಾಗ 15 ಕೋಟಿ ನಿವ್ವಳ ಸಂಪತ್ತು ಬೇಕು, ಮುಂದೆ ಅದು 25 ಕೋಟಿ ಆಗಬೇಕು. ನಿಮ್ಮ ಹಣವನ್ನು ಬ್ಯಾಂಕಿನಲ್ಲಿ ಬೇರೆ ಎಸ್ಕ್ರೋ ಖಾತೆಯಲ್ಲೇ ಇಡಬೇಕು, ತಮ್ಮ ವ್ಯಾಪಾರಕ್ಕೆ ಬಳಸುವಂತಿಲ್ಲ. ಮೊದಲು ಇದು ಆನ್‌ಲೈನ್ ವ್ಯವಹಾರಕ್ಕೆ ಮಾತ್ರ ಇತ್ತು. 2025ರ ಸೆಪ್ಟೆಂಬರ್ 15ರ ನಿರ್ದೇಶನದಿಂದ ಅಂಗಡಿಯ ಎದುರೇ ನಡೆಯುವ ವ್ಯವಹಾರದ ಅಗ್ರಿಗೇಟರ್‌ಗಳೂ ಒಳಗೆ ಬಂದರು.

ಆ ಕಂಪನಿ ನಾಳೆ ಮುಳುಗಿದರೆ ನಿಮ್ಮ 46,000 ಅದಕ್ಕೆ ಸಾಲ ಕೊಟ್ಟವರ ಪಾಲಾಗಬಾರದು ಅಂತಲೇ ಎಸ್ಕ್ರೋ. ಕೆವೈಸಿ ಕೇಳುವುದು ಕೂಡ, ಡೊಂಬಿವಲಿ ಅಣ್ಣನ ಹುಡುಗನಿಗೆ ಕಾಟ ಕೊಡುವಂಥವರು ಸುಳ್ಳು ಅಂಗಡಿ ಹೆಸರಲ್ಲಿ ಕ್ಯೂಆರ್ ತೆಗೆದು ಹಣ ಸಾಗಿಸಬಾರದು ಅಂತ. ಆದರೆ ಮುಂಚೆ ತಿಳಿಸದೆ 11 ದಿನ ಹಿಡಿದದ್ದನ್ನು ನಾನು ಸಮರ್ಥಿಸುವುದಿಲ್ಲ. ದೂರು ನೋಡಿಕೊಳ್ಳುವ ಅವರ ನೋಡಲ್ ಅಧಿಕಾರಿಯ ಹೆಸರು ವೆಬ್‌ಸೈಟಿನಲ್ಲಿ ಇರಲೇಬೇಕು, ಅವರಿಗೆ ಬರಹದಲ್ಲಿ ದೂರು ಕೊಡಿ.

ಅಂಧೇರಿ ಸ್ಟೇಷನರಿ:
ಎರಡು ಜಾತಿ ಅನ್ನೋದು ಗೊತ್ತಿರಲಿಲ್ಲ. ನಾಳೆಯೇ ಬ್ಯಾಂಕಿನ ಕ್ಯೂಆರ್ ತರಿಸ್ತೀನಿ. ಹಾಗೇ ಇನ್ನೊಂದು: ಗಿರಾಕಿಯ ಖಾತೆಯಿಂದ ಹಣ ಹೋಗಿ ನಮಗೆ ಬರದಿದ್ದರೆ?

ಹಿಂಜೆವಾಡಿ ಪೇಮೆಂಟ್ಸ್:
2019ರ ಸೆಪ್ಟೆಂಬರ್ 20ರ ಸುತ್ತೋಲೆ ಇದೆ. ಅಂಗಡಿಗೆ ಮಾಡಿದ ಯುಪಿಐ ಪಾವತಿ ಹೀಗೆ ನಡುವೆ ಸಿಕ್ಕಿಕೊಂಡರೆ, ಆ ದಿನ ಬಿಟ್ಟು ಐದು ದಿನದೊಳಗೆ ಗಿರಾಕಿಗೆ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಒಬ್ಬ ವ್ಯಕ್ತಿಯಿಂದ ಇನ್ನೊಬ್ಬರಿಗೆ ಕಳಿಸಿದ್ದಾದರೆ ಒಂದೇ ದಿನ.

ಪಿಂಪ್ರಿ ನಿವೃತ್ತ:
ನಾನು 1981ರಲ್ಲಿ ಬ್ಯಾಂಕ್ ನೌಕರಿಗೆ ಸೇರಿದವನು, ಧಾರವಾಡದಿಂದ ಪುಣೆಗೆ ಬಂದು ಇಲ್ಲೇ ನಿವೃತ್ತನಾದೆ. ಕಳ್ಳರಿಗೆ ನಿಯಮ ಯಾಕೆ ಅಂತ ಅಂಧೇರಿಯವರು ಕೇಳಿದರಲ್ಲ, ಅದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಬ್ಯಾಂಕಲ್ಲದ ಕಂಪನಿಗಳ ಮೇಲೆ ರಿಸರ್ವ್ ಬ್ಯಾಂಕಿಗೆ ಅಧಿಕಾರ ಸಿಕ್ಕಿದ್ದು 1963ರ ಕಾಯ್ದೆಯಿಂದ, 1934ರ ಮೂಲ ಕಾಯ್ದೆಗೆ 3-ಬಿ ಅಧ್ಯಾಯ ಸೇರಿಸಿದಾಗ. ಆಗಿನ ಕಾಳಜಿ ಎಲ್ಲ ಠೇವಣಿ ಇಟ್ಟವರ ಬಗ್ಗೆ. ಹೆಚ್ಚು ಬಡ್ಡಿ ಆಸೆ ತೋರಿಸಿ ಠೇವಣಿ ಕೂಡಿಸಿ ಓಡಿಹೋಗುವವರನ್ನು ತಡೆಯುವುದು ಹೇಗೆ ಅನ್ನುವುದೇ ಪ್ರಶ್ನೆ. 1997ರಲ್ಲಿ ತಿದ್ದುಪಡಿಯಾಗಿ ನೋಂದಣಿ ಕಡ್ಡಾಯವಾಯಿತು. ಅದೇ ವರ್ಷ, ಜನರಿಂದ ಠೇವಣಿ ಕೂಡಿಸಿದ್ದ ಸಿಆರ್‌ಬಿ ಅನ್ನುವ ಫೈನಾನ್ಸ್ ಸಮೂಹ ಕುಸಿಯಿತು. ಪಿಂಚಣಿ ಹಣ ಇಟ್ಟಿದ್ದ ಹಿರಿಯರು ನಮ್ಮ ಶಾಖೆಯ ಕೌಂಟರಿಗೆ ಬಂದು, ಸರ್ಕಾರಕ್ಕೆ ಗೊತ್ತಿರಲಿಲ್ಲವೇ ಎಂದು ಕೇಳಿದ್ದು ಇನ್ನೂ ನೆನಪಿದೆ.

ಕಂಪನಿಯ ಆಸ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಣಕಾಸಿನ ಆಸ್ತಿಯಾಗಿದ್ದು, ಆದಾಯದಲ್ಲೂ ಅರ್ಧಕ್ಕಿಂತ ಹೆಚ್ಚು ಅದರಿಂದಲೇ ಬರುತ್ತಿದ್ದರೆ ಅದು ಎನ್‌ಬಿಎಫ್‌ಸಿ. ಬ್ಯಾಂಕಿನಂತೆ ಕೇಳಿದಾಗ ಕೊಡುವ ಠೇವಣಿ ಅದು ತೆಗೆದುಕೊಳ್ಳುವಂತಿಲ್ಲ. ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದ ವಿಮೆ ಅಲ್ಲಿ ಇಟ್ಟ ಠೇವಣಿಗೆ ಇಲ್ಲ. ದೊಡ್ಡ ಕಂಪನಿ ಬಿದ್ದರೆ ಊರೆಲ್ಲ ನಡುಗುತ್ತದೆ ಅನ್ನುವುದು 2018ರಲ್ಲಿ ಐಎಲ್‌ ಆ್ಯಂಡ್ ಎಫ್‌ಎಸ್ ಬಾಕಿ ತಪ್ಪಿಸಿದಾಗ ಎಲ್ಲರಿಗೂ ತಿಳಿಯಿತು. ಆಮೇಲೆ 2022ರ ಅಕ್ಟೋಬರ್ 1ರಿಂದ ಗಾತ್ರ ನೋಡಿ ನಾಲ್ಕು ಪದರ ಮಾಡಿದರು, ಮೇಲಕ್ಕೆ ಹೋದಷ್ಟೂ ಬಿಗಿ. ಹೊಸದಾಗಿ ಬರುವವರಿಗೆ 10 ಕೋಟಿ ಸ್ವಂತ ನಿಧಿ ಬೇಕೆಂದೂ ಆಯಿತು. ಮೊದಲು 2 ಕೋಟಿ ಇದ್ದರೆ ಸಾಕಿತ್ತು.

ಇದರಲ್ಲಿ ನನಗೆ ನೋವು ತರುವುದು ಒಂದೇ. ಠೇವಣಿ ಇಟ್ಟವನ ರಕ್ಷಣೆಗೆ 1963ರಲ್ಲೇ ದಾರಿ ಮಾಡಿದೆವು. ಸಾಲ ತೆಗೆದವನಿಗೆ ತನ್ನ ಬಡ್ಡಿ ಎಷ್ಟೆಂದು ಒಂದು ಹಾಳೆಯಲ್ಲಿ ತಿಳಿಯುವ ಹಕ್ಕು ಎಲ್ಲ ಬ್ಯಾಂಕು, ಎನ್‌ಬಿಎಫ್‌ಸಿಗಳ ಚಿಲ್ಲರೆ ಸಾಲಕ್ಕೂ ಬಂದದ್ದು 2024ರ ಅಕ್ಟೋಬರ್ 1ರಿಂದ. ನಾವು ಕೌಂಟರಿನ ಒಳಗೆ ಕೂತವರು ಇದನ್ನು ಮೊದಲೇ ಕೇಳಬೇಕಿತ್ತು.

ಅಂಧೇರಿಯವರೇ, ಕಳ್ಳರು ನಿಯಮ ಓದುವುದಿಲ್ಲ, ನಿಜ. ಆದರೆ 2020ರ ಸುಮಾರಿಗೆ ಕೆಲವು ಸಣ್ಣ ಎನ್‌ಬಿಎಫ್‌ಸಿಗಳು ತಮ್ಮ ನೋಂದಣಿಯನ್ನೇ ಬಾಡಿಗೆಗೆ ಕೊಟ್ಟಂತೆ ಆ್ಯಪ್‌ಗಳ ಹಿಂದೆ ನಿಂತಿದ್ದವು. ನಿಯಮ ಬಿಗಿಯಾದಾಗ ಆ ನೆರಳು ಹೋಯಿತು. 2022ರ ಮೇ ತಿಂಗಳಲ್ಲಿ ಇಂಥ ಐದು ಕಂಪನಿಗಳ ನೋಂದಣಿ ರದ್ದಾಯಿತು.

ಮುಲುಂಡ್ ಸಿಎ:
ಸರ್, ನೆರಳು ಹೋದದ್ದಕ್ಕೇ ಈಗ ಹೆಸರೇ ಇಲ್ಲದವರು ಉಳಿದಿದ್ದಾರೆ ಅನ್ನುವುದೂ ನಿಜ. ಆರ್‌ಬಿಐ ಕೈ ತನ್ನಲ್ಲಿ ನೋಂದಾಯಿಸಿದವರ ತನಕ ಮಾತ್ರ. ಅದರಾಚೆ ಪೊಲೀಸರು ಬೇಕು, ಆ್ಯಪ್ ಸ್ಟೋರ್‌ನವರು ಬೇಕು. ಇದು ನನಗೆ ಸಮಾಧಾನ ತರುವ ವ್ಯವಸ್ಥೆ ಅಲ್ಲ.

ವಾಸ್ಕೋ ಗೌಂಡಿ:
ಎಲ್ಲಾರಿಗೂ ನಮಸ್ಕಾರ್ರಿ. ನಾ ಬಾಗಲಕೋಟಿ ಕಡಿಯಾವ, ಗೋವಾಕ್ಕ ಬಂದು ಇಪ್ಪತ್ತು ವರ್ಷ ಆತು. ಝುವಾರಿನಗರದಾಗ ನಮ್ಮ ಮಂದಿ ಭಾಳ ಅದಾರ. ನನ್ನ ಚಿಂತಿ ಬ್ಯಾರೆ ಐತ್ರಿ. ನಮ್ಮವ್ವ ಊರಾಗ ಮೂರು ಕಡೆ ಸಂಘದ ಸಾಲಾ ತಗೊಂಡಾಳ. ವಾರಾ ವಾರಾ ಕಂತು. ನಾ ಇಲ್ಲಿಂದ ಫೋನ್‌ಪೇ ಮಾಡೂದು ಒಂದಿನ ತಡಾ ಆದ್ರ ಮನಿ ಕಟ್ಟಿ ಮ್ಯಾಲ ಬಂದು ಕುಂದರ್ತಾರ. ಓಣಿ ಮಂದಿ ನೋಡ್ತಾರ, ಅವ್ವ ಅಳ್ತಾಳ. ಕರ್ನಾಟಕ ಸರ್ಕಾರ ಕಾನೂನು ತಂದೈತಿ, ಇನ್ನ ಸಾಲಾ ಕಟ್ಟೂದ ಬ್ಯಾಡ ಅಂತ ಊರಾಗ ಕೆಲವ್ರು ಹೇಳಾಕತ್ತಾರ. ಖರೇನ್ರಿ?

ಮುಲುಂಡ್ ಸಿಎ:
ಅಣ್ಣಾವ್ರೇ, ಆ ಮಾತು ನಂಬಿ ಕಂತು ನಿಲ್ಲಿಸಬೇಡಿ. 2025ರ ಫೆಬ್ರುವರಿಯಲ್ಲಿ ಕರ್ನಾಟಕ ತಂದದ್ದು ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಸಾಲ ತೀರಿದಂತೆ ಅಂತ ಅದು ಹೇಳಿದ್ದು ನೋಂದಣಿ, ಲೈಸೆನ್ಸ್ ಇಲ್ಲದವರು ಕೊಟ್ಟ ಸಾಲಕ್ಕೆ. ಆರ್‌ಬಿಐ ನೋಂದಣಿ ಇರುವ ಕಂಪನಿಯ ಸಾಲ ಸಾಲವೇ. ರಾಜ್ಯಗಳ ಲೇವಾದೇವಿ ಕಾಯ್ದೆ ಅಂಥ ಕಂಪನಿಗಳಿಗೆ ಅನ್ವಯವಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಮೇ 10ರಂದು ನೆಡುಂಪಿಳ್ಳಿ ಫೈನಾನ್ಸ್ ಪ್ರಕರಣದಲ್ಲಿ ಹೇಳಿದೆ.

ಆದರೆ ಕಟ್ಟೆ ಮೇಲೆ ಕೂರುವ ಹಕ್ಕು ಅವರಿಗಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆರ್‌ಬಿಐನ ಮೈಕ್ರೋಫೈನಾನ್ಸ್ ನಿಯಮದ ಪ್ರಕಾರ ವಸೂಲಿ ಇಬ್ಬರೂ ಒಪ್ಪಿದ ಒಂದು ನಿಗದಿತ ಜಾಗದಲ್ಲಿ ಆಗಬೇಕು. ಸಾಲಗಾರರು ಸತತ ಎರಡು ಸಲ ಅಥವಾ ಹೆಚ್ಚು ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗೆ ಅಡಮಾನವಿಲ್ಲದೆ ಕೊಡುವ ಸಾಲ ಇದು. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಮೂರನೇ ಸಂಘದವರು ಕೊಡುವಾಗ ಈ ಲೆಕ್ಕ ಹಾಕಿದ್ದರಾ ಅಂತ ಕೇಳಿ. ಅವ್ವನ ಹತ್ತಿರ ಸಾಲದ ಕಾರ್ಡ್ ಇರುತ್ತದೆ, ಅದರಲ್ಲಿ ಕಂಪನಿಯ ಹೆಸರು, ದೂರಿನ ನಂಬರು ಇರಬೇಕು. ಫೋಟೋ ತೆಗೆಸಿ ತರಿಸಿಕೊಳ್ಳಿ.

ವಾಸ್ಕೋ ಗೌಂಡಿ:
ಕಾರ್ಡ್ ಐತ್ರಿ. ತಂಗಿ ಮಗಗ ಹೇಳಿ ಫೋಟೋ ಹಾಕಸ್ತೀನಿ. ಕಂಪನಿಗೆ ಹೇಳಿದ್ರೂ ಕೇಳಲಿಲ್ಲಂದ್ರ?

ಪಿಂಪ್ರಿ ನಿವೃತ್ತ:
30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ ಬರೆಯಬಹುದು. 2021ರ ನವೆಂಬರ್‌ನಿಂದ ಬ್ಯಾಂಕು, ಎನ್‌ಬಿಎಫ್‌ಸಿ, ವಾಲೆಟ್ ಎಲ್ಲಕ್ಕೂ ಒಂದೇ ಯೋಜನೆ. ಶುಲ್ಕವಿಲ್ಲ, ವಕೀಲರೂ ಬೇಡ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ದೂರು ಕೊಟ್ಟ ದಿನಾಂಕದ ದಾಖಲೆ ಮಾತ್ರ ಕಳೆದುಕೊಳ್ಳಬೇಡಿ. ಅದಿಲ್ಲದೆ ಎಷ್ಟೋ ಸಾಚಾ ದೂರುಗಳು ಬಿದ್ದುಹೋದದ್ದನ್ನು ನಾನು ಕಂಡಿದ್ದೇನೆ.

ಘಾಟ್ಕೋಪರ್ ಅಕ್ಕ:
ನನ್ನದೂ ಒಂದು. ಇಪ್ಪತ್ತು ಜನ ಹೆಂಗಸರು ಸೇರಿ ಚೀಟಿ ನಡೆಸ್ತೇವೆ, ಇಲ್ಲಿಯವರು ಭಿಶಿ ಅಂತಾರೆ. ಜೊತೆಗೆ ನಮ್ಮ ಚಾಳಿನ ಹತ್ತಿರದ ಪತಪೇಢಿಗೆ ದಿನಕ್ಕೆ 100 ರೂಪಾಯಿ ಪಿಗ್ಮಿ. ಇದಕ್ಕೂ ಆರ್‌ಬಿಐ ಕಾವಲು ಇದೆಯಾ?

ಪಿಂಪ್ರಿ ನಿವೃತ್ತ:
ತಂಗೀ, ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸಲು ಶುರುಮಾಡಿತು. ಅದು ಬ್ಯಾಂಕು. ಪತಪೇಢಿ ಬ್ಯಾಂಕಲ್ಲ, ಮಹಾರಾಷ್ಟ್ರದ 1960ರ ಸಹಕಾರ ಸಂಘಗಳ ಕಾಯ್ದೆಯಡಿಯ ಪತ್ತಿನ ಸಂಘ. ರಿಸರ್ವ್ ಬ್ಯಾಂಕಿನ ಕಾವಲೂ ಇಲ್ಲ, 5 ಲಕ್ಷದ ಠೇವಣಿ ವಿಮೆಯೂ ಇಲ್ಲ. ಪಿಗ್ಮಿ ಅನ್ನುವ ಹೆಸರು ಒಂದೇ ಆದ್ದರಿಂದ ಜನ ಎರಡೂ ಒಂದೇ ಅಂದುಕೊಳ್ಳುತ್ತಾರೆ. ನೋಂದಣಿ ಪತ್ರ ಮತ್ತು ಕಳೆದ ವರ್ಷದ ಆಡಿಟ್ ವರದಿ ತೋರಿಸಿ ಅಂತ ಕೇಳಿ, ಸದಸ್ಯೆಯಾಗಿ ಕೇಳುವುದು ನಿಮ್ಮ ಹಕ್ಕು.

ಚೀಟಿಗೆ 1982ರ ಚಿಟ್ ಫಂಡ್ಸ್ ಕಾಯ್ದೆ ಇದೆ, ನೋಡಿಕೊಳ್ಳುವುದು ರಾಜ್ಯದ ರಿಜಿಸ್ಟ್ರಾರ್. ಗೆಳತಿಯರ ಚೀಟಿ ಪರಸ್ಪರ ನಂಬಿಕೆಯಲ್ಲಿ ನಡೆಯುತ್ತದೆ, ಅದನ್ನು ಹಾಗೇ ಸಣ್ಣದಾಗಿ ಇಟ್ಟುಕೊಳ್ಳಿ. ಗುರುತಿಲ್ಲದವರು ವಾಟ್ಸಾಪ್ ಗುಂಪಿನಲ್ಲಿ ನಡೆಸುವ ಚೀಟಿಗೆ ಮಾತ್ರ ಸೇರಬೇಡಿ.

ಅಂಧೇರಿ ಸ್ಟೇಷನರಿ:
ವಾಲೆಟ್‌ನಲ್ಲಿ ಇಟ್ಟ ಹಣಕ್ಕೆ?

ಹಿಂಜೆವಾಡಿ ಪೇಮೆಂಟ್ಸ್:
ಬ್ಯಾಂಕಲ್ಲದ ಕಂಪನಿಯ ವಾಲೆಟ್ ಆದರೆ ಠೇವಣಿ ವಿಮೆ ಇಲ್ಲ, ಎಸ್ಕ್ರೋ ರಕ್ಷಣೆ ಇದೆ. ಪೂರ್ತಿ ಕೆವೈಸಿ ಆದರೆ 2 ಲಕ್ಷದವರೆಗೆ ಇಡಬಹುದು. ಪೇಮೆಂಟ್ಸ್ ಬ್ಯಾಂಕ್ ಅನ್ನುವುದು ಮೂರನೆಯ ಜಾತಿ. ಅಲ್ಲೂ 2 ಲಕ್ಷದ ಮಿತಿ, ವಿಮೆ ಇದೆ, ಆದರೆ ಅವರು ಸಾಲ ಕೊಡುವಂತಿಲ್ಲ. 2024ರ ಮಾರ್ಚ್ 15ರ ನಂತರ ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ಹೊಸ ಠೇವಣಿ ತೆಗೆದುಕೊಳ್ಳಬಾರದು ಅಂತ ಆರ್‌ಬಿಐ ತಡೆದಾಗ ಅಂಗಡಿಯವರೆಲ್ಲ ಗಾಬರಿಯಾದರು. ಕ್ಯೂಆರ್ ಬೇರೆ ಬ್ಯಾಂಕಿನ ಖಾತೆಗೆ ಜೋಡಿಸಿದ್ದವರಿಗೆ ಏನೂ ಆಗಲಿಲ್ಲ. ಆ ಪೇಮೆಂಟ್ಸ್ ಬ್ಯಾಂಕಿನ ಖಾತೆಗೇ ಜೋಡಿಸಿದ್ದವರು ಬದಲಾಯಿಸಬೇಕಾಯಿತು. ಗೋಡೆಯ ಮೇಲಿನ ಸ್ಟಿಕ್ಕರ್ ಮಾತ್ರ ಇಬ್ಬರದೂ ಒಂದೇ.

ಡೊಂಬಿವಲಿ ಕ್ಯಾಂಟೀನ್:
ನಾಲ್ಕು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ಅವತ್ತೇ ರಾತ್ರಿ 1930ಕ್ಕೆ ಫೋನ್ ಮಾಡಿದೆವು. ಮರುದಿನ ಸಿಎ ಸರ್ ಹೇಳಿದ್ದನ್ನೆಲ್ಲ ಪ್ರಿಂಟ್ ತೆಗೆದುಕೊಂಡು ಠಾಣೆಗೆ ಹೋದೆವು. ಅಲ್ಲಿದ್ದ ಸೈಬರ್ ವಿಭಾಗದ ಮೇಡಂ ಹುಡುಗನನ್ನು ಕೂರಿಸಿ ಚಹಾ ತರಿಸಿಕೊಟ್ಟು ಸಮಾಧಾನದಿಂದ ಕೇಳಿ ಬರೆದುಕೊಂಡರು. ಹೊಸ ಐಡಿಗಳಿಗೆ ಹಣ ಹಾಕಬೇಡಿ ಅಂತ ಅವರೂ ಹೇಳಿದರು. ಸಚೇತ್‌ನಲ್ಲಿ ದೂರು ಹಾಕಲು ನನ್ನ ಮಗಳು ಸಹಾಯ ಮಾಡಿದಳು. ಅವನ ಫೋನಿನಲ್ಲಿದ್ದ ಎಲ್ಲರಿಗೂ ನಾನೇ ಮೆಸೇಜ್ ಬರೆದೆ: ಇವನು ನಮ್ಮ ಹುಡುಗ, ಕಳ್ಳನಲ್ಲ, ಈ ಕರೆ ಬಂದರೆ ತೆಗೆಯಬೇಡಿ, ನಂಬರು ನನಗೆ ಕಳಿಸಿ. ಸೋದರಮಾವ ಆಮೇಲೆ ಅವನ ಹತ್ತಿರ ಅರ್ಧ ಗಂಟೆ ಮಾತಾಡಿದರು.

ಕರೆ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ತಂಗಿಯ ಫೀಸಿನಲ್ಲಿ ಬಾಕಿ ಇದ್ದದ್ದನ್ನು ನಾನು ಕಟ್ಟಿ ಸಂಬಳದಲ್ಲಿ ತಿಂಗಳಿಗೆ 1,000 ಹಿಡಿಯೋದು ಅಂತ ಮಾತಾಗಿದೆ.

ಇನ್ನೊಂದು ಕೇಳಬೇಕು. ನಮ್ಮಲ್ಲಿ ಇನ್ನೂ ಆರು ಹುಡುಗರಿದ್ದಾರೆ. ಒಬ್ಬ ಫೋನ್ ತಂದು, ಈ ಆ್ಯಪ್ ಒಳ್ಳೆಯದಾ ಅಂತ ಕೇಳಿದ. ಎಲ್ಲಿ ನೋಡಬೇಕು?

ಹಿಂಜೆವಾಡಿ ಪೇಮೆಂಟ್ಸ್:
2025ರ ಜುಲೈ 1ರಿಂದ ಆರ್‌ಬಿಐ ವೆಬ್‌ಸೈಟಿನಲ್ಲಿ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿ ಇದೆ, ಯಾವ ಆ್ಯಪ್ ಹಿಂದೆ ಯಾವ ಬ್ಯಾಂಕು, ಯಾವ ಎನ್‌ಬಿಎಫ್‌ಸಿ ಅಂತ. ಒಂದು ಎಚ್ಚರ: ಅದು ಸಾಲ ಕೊಡುವ ಸಂಸ್ಥೆಗಳೇ ಕೊಟ್ಟ ಮಾಹಿತಿ, ಆ್ಯಪ್ ಒಳ್ಳೆಯದು ಅಂತ ಆರ್‌ಬಿಐ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೆ ಬೇಡ. ಇದ್ದರೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್‌ನ ವಾರ್ಷಿಕ ದರ ಓದಿದ ಮೇಲೆ ತೀರ್ಮಾನ ಮಾಡಿ. ಹುಡುಗರಿಗೆ ಅದು ಅರ್ಥವಾಗದಿದ್ದರೆ ಇಲ್ಲಿಗೆ ಫೋಟೋ ಹಾಕಲಿ, ಹೆಸರು, ನಂಬರು ಮುಚ್ಚಿ. ನಾನು ನೋಡಿ ಹೇಳ್ತೀನಿ.

ವಾಸ್ಕೋ ಗೌಂಡಿ:
ಸರ, ಅವ್ವನ ಮೂರೂ ಕಾರ್ಡಿನ ಫೋಟೋ ಬಂದಾವ್ರಿ. ಎರಡರಾಗ ಕಂಪನಿ ಹೆಸರು ಐತಿ. ಮೂರನೇದ್ರಾಗ ಬರೇ ಒಂದು ಫೋನ್ ನಂಬರ್ ಐತಿ, ಹೆಸರ ಇಲ್ಲ. ಸಿಎ ಸರ, ನೋಡ್ತೀರೇನ್ರಿ?

ಮುಲುಂಡ್ ಸಿಎ:
ಮೂರನ್ನೂ ಕಳಿಸಿ. ಹೆಸರಿಲ್ಲದ್ದು ಮೊದಲು.